ತಿಳಿ ಬಣ್ಣದ ಕಾರು, ಎರೆ ಮಣ್ಣಿನ ಊರು: ಯಾವ ಮ್ಯಾಟು, ಯಾವ ಸೀಟುಕವರು, ಯಾವ ಸಾಬೂನು?

ಕಳೆದ ಮುಂಗಾರಿನ ಒಂದು ಸಂಜೆ ನವಲಗುಂದದ ಹೊಲದಿಂದ ರಸ್ತೆಗೆ ಬಂದ ನಮ್ಮ ಮಾವನವರು, ಕಾರಿನ ಬಾಗಿಲು ತೆಗೆದವರು ಒಳಗೆ ಕಾಲಿಡದೆ ನಿಂತುಬಿಟ್ಟರು. ಒಂದೊಂದು ಚಪ್ಪಲಿಯ ಕೆಳಗೂ ಇನ್ನೊಂದು ಚಪ್ಪಲಿಯಷ್ಟು ದಪ್ಪಗೆ ಕಪ್ಪು ಎರೆ ಮಣ್ಣು ಅಂಟಿತ್ತು. ಒಳಗೆ ಬಾದಾಮಿ ಬಣ್ಣದ ನೆಲಹಾಸು. ಕಾರು ಮನೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. "ನಾನು ಬಸ್ಸಿಗೇ ಬರುತ್ತೇನೆ, ಅಳಿಯಂದಿರೇ, ನೀವು ನಡೆಯಿರಿ" ಎಂದರು. ಒತ್ತಾಯ ಮಾಡಿ ಕೂರಿಸಿಕೊಂಡೆ. ಧಾರವಾಡಕ್ಕೆ ಬಂದ ಕೂಡಲೇ ಬಕೆಟ್ಟು, ಹಸಿ ಬಟ್ಟೆ ಹಿಡಿದು ಒರೆಸತೊಡಗಿದೆ. ಅಂಗೈಯಗಲ ಇದ್ದ ಕಲೆ ನೋಡುನೋಡುತ್ತ ಮೊಳದುದ್ದವಾಯಿತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಮಾವನವರು ಇದನ್ನು ನೋಡಲಾರದೆ ಎದ್ದು ಬಂದರು. "ಎರೆಯನ್ನು ಹಸಿ ಇದ್ದಾಗ ಯಾರಾದರೂ ಮುಟ್ಟುತ್ತಾರೆಯೇ? ಒಣಗಲಿ ಬಿಡಿ. ತಾನೇ ಬಿರಿಯುತ್ತದೆ, ತಾನೇ ಬಿಡುತ್ತದೆ."

ಅರವತ್ತು ವರ್ಷ ಆ ಮಣ್ಣಿನಲ್ಲೇ ನಡೆದವರ ಮಾತು. ಉಳಿದ ಅರ್ಧವನ್ನು ಹಾಗೇ ಬಿಟ್ಟೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಹೊಲದಂತೆಯೇ ಬಿರುಕು ಬಿಟ್ಟಿತ್ತು. ಗಟ್ಟಿ ಬ್ರಷ್ಷಿನಿಂದ ತಟ್ಟಿದರೆ ಚಕ್ಕೆಚಕ್ಕೆಯಾಗಿ ಎದ್ದು ಬಂತು, ಉಳಿದ ಪುಡಿಯನ್ನು ವ್ಯಾಕ್ಯೂಮ್ ಎಳೆದುಕೊಂಡಿತು. ನಾನು ಒರೆಸಿ "ಸ್ವಚ್ಛ" ಮಾಡಿದ್ದ ಅರ್ಧ ಮಾತ್ರ ಇವತ್ತಿಗೂ ಬೂದು ಬಣ್ಣದಲ್ಲಿ ಕಾಣುತ್ತದೆ.

ಎರೆ ಮಣ್ಣಿನ ಜೇಡಿ ಕಣ ಬಹಳ ನುಣ್ಣಗೆ, ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಚಿಕ್ಕದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಸಿಯಲ್ಲಿ ಒತ್ತಿ ಉಜ್ಜಿದರೆ ನೆಲಹಾಸಿನ ಎಳೆಗಳ ಬುಡಕ್ಕೆ ಇಳಿದು ಕೂರುತ್ತದೆ. ಕಾರಿನ ಒಳಗಿನ ಸ್ವಚ್ಛತೆಯ ಬಗ್ಗೆ ಹೊರಗಿನವರು ಹೇಳುವ ಬುದ್ಧಿಮಾತೆಲ್ಲ "ಕಲೆ ಬಿದ್ದ ತಕ್ಷಣ ಒರೆಸಿ" ಎಂದೇ ಶುರುವಾಗುತ್ತದೆ. ಚಹಾಕ್ಕೆ, ಹಾಲಿಗೆ ಅದು ಸರಿ. ಧಾರವಾಡ, ಗದಗ ಜಿಲ್ಲೆಗಳ ಬಯಲುಸೀಮೆಯ ಮಣ್ಣಿಗೆ ಅದು ತಿರುವುಮುರುವು. ಹಾಗಾಗಿ ಕೆಳಗೆ ಹೇಳುವ ಪ್ರತಿ ಆಯ್ಕೆಯನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ: ಇದನ್ನು ಹೊರಗೆ ತೆಗೆದು, ಬಿಸಿಲಿಗೆ ಹಾಕಿ, ಕೊಡವಲು ಆಗುತ್ತದೆಯೇ?

ನೆಲಕ್ಕೆ ಏನು ಹಾಸಬೇಕು

ಅಂಗಡಿಯಲ್ಲಿ ಮುಖ್ಯವಾಗಿ ಐದು ಬಗೆ ಸಿಗುತ್ತವೆ. ಕಾರಿನ ಜೊತೆ ಬರುವಂಥ ಬಟ್ಟೆಯ ಮ್ಯಾಟು, ಗೀರುಗೀರಿನ ರಬ್ಬರ್ ಮ್ಯಾಟು, ಸೇವಿಗೆ ಸುತ್ತಿದಂತೆ ಕಾಣುವ ನೂಡಲ್ ಮ್ಯಾಟು, ಕಾರಿನ ಮಾದರಿಗೆ ಅಚ್ಚು ಹಾಕಿದ ಟ್ರೇ ಮ್ಯಾಟು, ಮತ್ತು ನೆಲವನ್ನೆಲ್ಲ ಮುಚ್ಚುವ ಸೆವೆನ್-ಡಿ ಮ್ಯಾಟು. ಟ್ಯಾಕ್ಸಿಯವರು ಮಾಡಿಸುವ ಇಡೀ ನೆಲದ ಲ್ಯಾಮಿನೇಷನ್ ಆರನೆಯದು.

ಬಟ್ಟೆಯ ಮ್ಯಾಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರೊಳಗೇ ಓಡಾಡಿಕೊಂಡಿರುವ, ಕಚೇರಿಯಿಂದ ಮನೆಗೆ, ಮನೆಯಿಂದ ಕಚೇರಿಗೆ ಹೋಗುವ ಕಾರಿಗೆ ಅದು ಸಾಕು. ತಿಳಿ ಬಣ್ಣದ್ದನ್ನು ಮಾತ್ರ ಕೊಳ್ಳಬೇಡಿ.

ಮೊದಲು ಸೆವೆನ್-ಡಿ ಮ್ಯಾಟಿನ ಮಾತು ಮುಗಿಸಿಬಿಡುತ್ತೇನೆ, ಏಕೆಂದರೆ ಅಂಗಡಿಯವರು ಮೊದಲು ತೋರಿಸುವುದು ಅದನ್ನೇ. ಮೇಲೆ ಕೃತಕ ಚರ್ಮ, ನಡುವೆ ಫೋಮು, ಅದರ ಮೇಲೆ ತೆಗೆಯಬಹುದಾದ ಇನ್ನೊಂದು ನೂಡಲ್ ಪದರ. ವಜ್ರದಾಕಾರದ ಹೊಲಿಗೆ. ನೋಡಲು ಮದುವೆ ಮಂಟಪದಂತಿರುತ್ತದೆ. ಅದರ ದರ ಸಾದಾ ರಬ್ಬರ್ ಮ್ಯಾಟಿನ ಹಲವು ಪಟ್ಟು. ತಿಳಿ ಬಣ್ಣದ ನೆಲಹಾಸನ್ನು ಅದು ಪೂರ್ತಿ ಕಾಪಾಡುತ್ತದೆ ಎಂಬುದೂ ನಿಜ. ತೊಂದರೆ ಏನೆಂದರೆ, ಅಂಚುಗಳನ್ನು ಬಾಗಿಲ ಪಟ್ಟಿಯ ಕೆಳಗೆ, ಸೀಟಿನ ಹಳಿಯ ಸುತ್ತ ಸಿಕ್ಕಿಸಿ ಕೂರಿಸಿರುತ್ತಾರೆ. ವಾರಕ್ಕೊಮ್ಮೆ ಎತ್ತುವ ಮಾತೇ ಇಲ್ಲ. ಕೆಳಗೆ ಏನಾಗುತ್ತಿದೆ ಎಂಬುದು ನಿಮಗೆ ಗೊತ್ತಾಗುವುದು ವಾಸನೆಯಿಂದ.

ನನಗೆ ಗೊತ್ತಾದದ್ದೂ ಹಾಗೆಯೇ, ನನ್ನ ಹಳೆಯ ಕಾರಿನಲ್ಲಿ. ಆಷಾಢದ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದಿತ್ತು. ಎಸಿ ಹಾಕಿದರೆ ಹಳೆಯ ಗೋಣಿಚೀಲದ ವಾಸನೆ. ಒಂದು ಭಾನುವಾರ ಎಡಗಡೆಯ ಮ್ಯಾಟನ್ನು ಕಿತ್ತು ನೋಡಿದರೆ ಕೆಳಗಿನ ನೆಲಹಾಸು ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು. ಮೂಲೆಯಲ್ಲಿ ಹಸಿರುಮಿಶ್ರಿತ ಬಿಳಿ ಬೂಷ್ಟು. ಎಸಿಯ ನೀರು ಹೊರಹೋಗುವ ನಳಿಕೆ ಕಟ್ಟಿಕೊಂಡರೆ ನೀರು ಹೊರಗೆ ತೊಟ್ಟಿಕ್ಕದೆ ಕಾರಿನೊಳಗೇ ಇಳಿಯುತ್ತದೆ. ಸಾದಾ ಮ್ಯಾಟು ಇದ್ದಿದ್ದರೆ ಮೊದಲ ವಾರವೇ ಕಾಲಿಗೆ ತಣ್ಣಗೆ ತಾಕುತ್ತಿತ್ತು. ಲ್ಯಾಮಿನೇಷನ್ನಿಗೂ ಇದೇ ದೋಷ. ದಿನಕ್ಕೆ ಹತ್ತು ಜನ ಹತ್ತಿ ಇಳಿಯುವ ಟ್ಯಾಕ್ಸಿಗೆ ಅದು ಬೇಕು, ಮನೆಯ ಕಾರಿಗೆ ಬೇಡ.

ನೂಡಲ್ ಮ್ಯಾಟು ಅರ್ಧ ಒಳ್ಳೆಯದು. ಕಲಘಟಗಿ, ಅಳ್ನಾವರದ ಕಡೆಯ ಕೆಂಪು ಮಣ್ಣಿನ ಒಣ ಧೂಳಿಗೆ ಅದನ್ನು ಮೀರಿಸಿದ್ದಿಲ್ಲ: ಧೂಳು ಎಳೆಗಳ ನಡುವೆ ಕೆಳಗೆ ಬೀಳುತ್ತದೆ, ಚಪ್ಪಲಿಗೆ ಮರಳಿ ಹತ್ತುವುದಿಲ್ಲ, ತಲೆಕೆಳಗು ಮಾಡಿ ಬಡಿದರೆ ಕೆಲಸ ಮುಗಿಯಿತು. ಆದರೆ ಹಸಿ ಎರೆ ಅದರ ಸುರುಳಿಗಳೊಳಗೆ ಹೊಕ್ಕರೆ ಒಣಗಿದ ಮೇಲೂ ಸುಲಭಕ್ಕೆ ಬಿಡದು. ಪ್ರೆಷರ್ ಪಂಪಿನ ನೀರೇ ಬೇಕು. ನಲ್ಲಿಯಲ್ಲಿ ನೀರು ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಓಣಿಗಳಲ್ಲಿ ಇದು ಸಣ್ಣ ಮಾತಲ್ಲ.

ಉಳಿದವು ರಬ್ಬರ್ ಮತ್ತು ಟ್ರೇ. ರಬ್ಬರ್ ಮ್ಯಾಟು ಅಗ್ಗ. ಒಗೆಯುವ ಕಲ್ಲಿನ ಮೇಲೆ ಹಾಕಿ ನಾಲ್ಕು ಏಟು ಕೊಟ್ಟರೆ ಮುಗಿಯಿತು. ಮೊದಲ ಒಂದೆರಡು ತಿಂಗಳು, ಅದರಲ್ಲೂ ಬೇಸಗೆಯಲ್ಲಿ, ವಾಸನೆ ತಲೆ ಹಿಡಿಯುತ್ತದೆ. ಎಲ್ಲ ಕಾರಿಗೂ ಹೊಂದುವಂತೆ ಕತ್ತರಿಸಿದ್ದರೆ ಅಂಚಿನಲ್ಲಿ ನಾಲ್ಕು ಬೆರಳು ಜಾಗ ಬಿಡುತ್ತದೆ, ಮಣ್ಣು ಬೀಳುವುದು ಸರಿಯಾಗಿ ಅಲ್ಲಿಯೇ. ಟ್ರೇ ಮ್ಯಾಟಿನ ಅಂಚು ಸುತ್ತಲೂ ಮೇಲೆದ್ದಿರುತ್ತದೆ. ಚಪ್ಪಲಿಯ ನೀರು, ಮಣ್ಣು, ಚೆಲ್ಲಿದ ಚಹಾ ಎಲ್ಲವೂ ಪರಾತದಲ್ಲಿ ನಿಂತಂತೆ ಅದರಲ್ಲೇ ನಿಲ್ಲುತ್ತವೆ. ಎರಡೂ ಕೈಯಿಂದ ಸಮತಟ್ಟಾಗಿ ಎತ್ತಿ ಹೊರಗೆ ಸುರಿಯುವುದಷ್ಟೇ. ಹೊಲ ಇರುವವರು, ಹೊಲಕ್ಕೆ ಹೋಗುವವರನ್ನು ಕೂರಿಸಿಕೊಳ್ಳುವವರು ಎರಡನೆಯ ಯೋಚನೆ ಮಾಡದೆ ಇದನ್ನೇ ಕೊಳ್ಳಿ. ಕೈ ಬಿಗಿ ಇದ್ದರೆ ಮುಂದಿನ ಎರಡಕ್ಕೆ ಟ್ರೇ, ಹಿಂದಕ್ಕೆ ರಬ್ಬರ್.

ಯಾವುದೇ ಮ್ಯಾಟಾಗಲಿ, ಚಾಲಕನ ಕಡೆಯದು ನೆಲದ ಕೊಕ್ಕೆಗೆ ಸಿಕ್ಕಿಕೊಳ್ಳಬೇಕು. ಹಳೆಯ ಮ್ಯಾಟಿನ ಮೇಲೆ ಹೊಸದನ್ನು ಹಾಸುವ ಚಾಳಿ ನಮ್ಮಲ್ಲಿ ಬಹಳ. ಮೇಲಿನದು ಜಾರಿ ಆಕ್ಸಿಲರೇಟರ್ ಪೆಡಲಿನ ಅಡಿ ಅಥವಾ ಮೇಲೆ ಸಿಕ್ಕಿಕೊಂಡರೆ ಗಾಡಿ ನಿಲ್ಲುವುದಿಲ್ಲ. ಮ್ಯಾಟಿಗೆ ಹೊಳಪಿನ ಪಾಲಿಷ್ ಬಳಿಯಲು ಬಂದರೆ ಬೇಡ ಎನ್ನಿ. ಬ್ರೇಕಿನ ಮೇಲಿನ ಕಾಲು ಜಾರುತ್ತದೆ.

ಸೀಟಿಗೆ: ರೆಕ್ಸಿನ್ನೋ ಹತ್ತಿಯೋ

ಇಲ್ಲಿ ಮನೆಮಂದಿಯನ್ನು ನೋಡಿ ತೀರ್ಮಾನಿಸಬೇಕು. ಚಿಕ್ಕ ಮಕ್ಕಳಿದ್ದರೆ ರೆಕ್ಸಿನ್, ಅಂದರೆ ಕೃತಕ ಚರ್ಮದ ಕವರು ಒಳ್ಳೆಯದು. ಚೆಲ್ಲಿದ್ದು ಇಳಿಯುವುದಿಲ್ಲ, ಒರೆಸಿದರೆ ಹೋಗುತ್ತದೆ. ಹೊಲಿಗೆಯ ತೂತುಗಳನ್ನು ಮಾತ್ರ ಮರೆಯಬೇಡಿ. ಹಾಲು ಅಲ್ಲಿಂದ ಫೋಮಿಗೆ ಇಳಿದರೆ ಮೂರನೆಯ ದಿನ ಕಾರಿನಲ್ಲಿ ಕೂರಲಾಗದು. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ಬಯಲಿನಲ್ಲಿ ನಿಲ್ಲಿಸಿದ ಕಾರಿನ ರೆಕ್ಸಿನ್ ಸೀಟು ಹಂಚಿನಂತಿರುತ್ತದೆ, ತಿಳಿ ಬಣ್ಣದ್ದು ಕಪ್ಪಿನಷ್ಟು ಕಾಯುವುದಿಲ್ಲ ಎಂಬುದು ಸಣ್ಣ ಸಮಾಧಾನ.

ತಿಳಿ ಬಣ್ಣದ ರೆಕ್ಸಿನ್ನಿಗೆ ಮಣ್ಣಿಗಿಂತ ದೊಡ್ಡ ಶತ್ರು ಹೊಸ ಜೀನ್ಸ್ ಪ್ಯಾಂಟು. ಸೀಟಿನ ಅಂಚಿನಲ್ಲಿ, ತೊಡೆ ಉಜ್ಜುವ ಕಡೆ, ನೀಲಿ ಛಾಯೆ ಹತ್ತುತ್ತದೆ. ಒಂದೆರಡು ವಾರದೊಳಗಾದರೆ ಸೌಮ್ಯ ಸಾಬೂನಿನ ನೊರೆ, ಮೆತ್ತನೆಯ ಬ್ರಷ್ಷಿಗೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಬಣ್ಣ ಆ ಪದರದೊಳಗೇ ಇಳಿದುಬಿಡುತ್ತದೆ, ಆಮೇಲೆ ಯಾವ ದ್ರಾವಣಕ್ಕೂ ಮಣಿಯುವುದಿಲ್ಲ. ಕಲೆಯನ್ನು ಮಾಯ ಮಾಡುವ ಬಿಳಿ ಸ್ಪಂಜು ಎಂದು ಮಾರುತ್ತಾರಲ್ಲ, ಅದು ಅತಿ ನುಣ್ಣನೆಯ ಮರಳು ಕಾಗದವಿದ್ದಂತೆ. ಕಲೆಯ ಜೊತೆ ಸೀಟಿನ ಮೇಲ್ಪದರವನ್ನೂ ಕೆರೆಯುತ್ತದೆ. ಹೊಸ ಜೀನ್ಸನ್ನು ಎರಡು ಸಲ ಒಗೆದು ಹಾಕಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ.

ಹತ್ತಿಯ ಕವರು ಬೆವರು ಹೀರುತ್ತದೆ, ಬಿಚ್ಚಿ ಒಗೆಯಬಹುದು, ಇಸ್ತ್ರಿ ಬೇಡ. ಜಾರುತ್ತದೆ, ಸುಕ್ಕಾಗುತ್ತದೆ, ಮನೆಯ ಸೋಫಾ ನೆನಪಿಸುತ್ತದೆ. ವಯಸ್ಸಾದವರು ಇಷ್ಟಪಡುವುದು ಅದನ್ನೇ. ನನ್ನ ಪ್ರಶ್ನೆಗೆ ಉತ್ತರ ಕೊಡುವುದೂ ಅದೇ, ಆದ್ದರಿಂದ ನನ್ನ ಮತ ಅದಕ್ಕೆ.

ಎರಡಕ್ಕೂ ಒಂದು ಎಚ್ಚರಿಕೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಹೊಲಿದಿದ್ದರೆ, ಅಪಘಾತದ ಹೊತ್ತಿನಲ್ಲಿ ಚೀಲ ಅಲ್ಲಿಂದಲೇ ಹೊರಬರಬೇಕು. ಬಿಗಿಯಾದ ಸಾದಾ ಕವರು ಅದನ್ನು ತಡೆಯುತ್ತದೆ. ಆ ಜಾಗದಲ್ಲಿ ತೆರೆದಿರುವ ಅಥವಾ ಸುಲಭಕ್ಕೆ ಹರಿಯುವ ಹೊಲಿಗೆಯಿರುವ ಕವರನ್ನೇ ಕೇಳಿ. ಸಿಗದಿದ್ದರೆ ಕಂಪನಿಯ ಸೀಟನ್ನು ಹಾಗೇ ಬಿಟ್ಟು, ಕೂರುವ ಭಾಗಕ್ಕಷ್ಟೇ ಒಂದು ದಪ್ಪ ಟವಲ್ ಹಾಸಿ.

ಕಲೆಗೆ ಯಾವ ಮದ್ದು

ಸೀಟು ತೊಳೆಯುವ ಪುಸ್ತಕದ ಬುದ್ಧಿಯಲ್ಲಿ ಕಾಫಿ, ಕೆಚಪ್, ಚಾಕೊಲೇಟು ಇರುತ್ತವೆ. ನಮ್ಮ ಕಾರುಗಳಲ್ಲಿ ಚೆಲ್ಲುವುದು ಗಿರ್ಮಿಟ್ಟು, ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿಯ ರಂಜಕ, ಚಹಾ, ಯಲ್ಲಮ್ಮನ ಗುಡ್ಡದಿಂದಲೋ ದೇವರಗುಡ್ಡದಿಂದಲೋ ಬರುವಾಗ ಹಣೆಯಿಂದ ಉದುರುವ ಭಂಡಾರದ ಅರಿಶಿನ ಪುಡಿ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಚೆಲ್ಲಲು, ಎಲ್ಲರೂ ಹೊಲಕ್ಕೆ ಹೊರಟಿದ್ದೆವು. ಅತ್ತೆಯವರ ತೊಡೆಯ ಮೇಲೆ ಬುತ್ತಿಯ ಗಂಟು, ಅದರಲ್ಲಿ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ. ರಸ್ತೆಯ ಉಬ್ಬೊಂದು ಕಣ್ಣಿಗೆ ಬೀಳಲಿಲ್ಲ. ಡಬ್ಬಿಯ ಮುಚ್ಚಳ ಸಡಿಲಾಗಿ ಹಿಂದಿನ ಸೀಟಿನ ಮೇಲೆ ಒಂದು ಸೌಟು ಎಣ್ಣೆ. ಸಂಜೆ ಮನೆಗೆ ಬಂದು ಎಲ್ಲೋ ಓದಿದ್ದನ್ನು ನಂಬಿ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬಳಿದೆ. ಹಳದಿ ಕಲೆ ಕಣ್ಣೆದುರೇ ಇಟ್ಟಿಗೆಯ ಕೆಂಪಿಗೆ ತಿರುಗಿತು. ಹಿಂದೆ ನಿಂತಿದ್ದ ನನ್ನ ಹೆಂಡತಿ, "ಸೀಟಿಗೂ ಓಕುಳಿ ಆಯಿತೇ?" ಎಂದಳು.

ಅವಳು ಹೇಳಿದ್ದು ಅಕ್ಷರಶಃ ನಿಜ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಓಕುಳಿ ಕೆಂಪಾಗುವುದು, ಅರಿಶಿನದಿಂದ ಕುಂಕುಮ ಆಗುವುದು ಇದೇ ಗುಣದಿಂದ: ಕ್ಷಾರ ತಾಕಿದರೆ ಅರಿಶಿನದ ಬಣ್ಣ ಕೆಂಪಾಗುತ್ತದೆ. ಸೋಡಾ ಕ್ಷಾರ, ಬಟ್ಟೆ ಒಗೆಯುವ ಪುಡಿಯೂ ಕ್ಷಾರ. ಹುಳಿ ತಾಕಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಲಿಂಬೆರಸ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒತ್ತಿದ ಮೇಲೆ ನನ್ನ ಸೀಟೂ ಬಂತು. ಆದರೆ ಕಲೆ ಹೋದಂತಾಗಲಿಲ್ಲ. ಆ ಬಣ್ಣ ನೀರಿನಲ್ಲಿ ಕರಗುವುದೇ ಇಲ್ಲ. ಎಣ್ಣೆಯಲ್ಲಿ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸರಿಯಾದ ಕ್ರಮ ಹೀಗೆ: ಮೊದಲು ಚಮಚದಿಂದ ಎತ್ತಿ ತೆಗೆಯಿರಿ, ಉಜ್ಜಬೇಡಿ. ಮೇಲೆ ಟಾಲ್ಕಮ್ ಪೌಡರ್ ಅಥವಾ ಮೆಕ್ಕೆಜೋಳದ ನುಣ್ಣನೆಯ ಹಿಟ್ಟು ಉದುರಿಸಿ ಒಂದು ತಾಸು ಬಿಡಿ, ಎಣ್ಣೆಯನ್ನು ಅದು ಕುಡಿಯಲಿ. ಝಾಡಿಸಿದ ಮೇಲೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿದ ನೀರಿನಿಂದ ಒತ್ತಿ. ಆಮೇಲೆ ಔಷಧಿ ಅಂಗಡಿಯ ಐಸೊಪ್ರೊಪೈಲ್ ಸ್ಪಿರಿಟ್ಟನ್ನು ಬಿಳಿ ಬಟ್ಟೆಗೆ ಹಾಕಿಕೊಂಡು, ಹೊರಗಿನಿಂದ ಒಳಗೆ, ಬಟ್ಟೆಯ ಜಾಗ ಬದಲಿಸುತ್ತ ಒತ್ತುತ್ತ ಬನ್ನಿ. ಉಳಿದ ತಿಳಿ ಹಳದಿಯನ್ನು ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಬಾಗಿಲು ತೆಗೆದು ನಾಲ್ಕು ಮಧ್ಯಾಹ್ನ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದೆ. ಐದನೆಯ ದಿನ ಕಲೆ ಎಲ್ಲಿತ್ತೆಂದು ಅತ್ತೆಯವರೇ ಹುಡುಕಬೇಕಾಯಿತು.

ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದೇ ಖಾರಕ್ಕಲ್ಲ, ಬಣ್ಣಕ್ಕೆ. ಲಿಪ್‌ಸ್ಟಿಕ್ಕಿಗೂ ಅದರ ಬಣ್ಣ ಹೋಗುತ್ತದೆ. ಅದೂ ಎಣ್ಣೆಯಲ್ಲಿ ಕರಗುವ ಬಣ್ಣ, ಮದ್ದೂ ಅದೇ. ಭಂಡಾರ ಒಣಗಿದ್ದಾಗ ನೀರು ತಾಕಿಸದೆ ವ್ಯಾಕ್ಯೂಮ್ ಮಾಡಿದರೆ ಕಲೆಯೇ ಆಗುವುದಿಲ್ಲ. ಎರೆ ಮಣ್ಣಿನ ಪಾಠವೇ ಇಲ್ಲಿಯೂ.

ಚಹಾ ಚೆಲ್ಲಿದರೆ ಮಾತ್ರ ತಡ ಮಾಡಬೇಡಿ. ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಒತ್ತಿ. ಹಾಲು, ಮೊಟ್ಟೆ, ರಕ್ತಕ್ಕೆ ಬಿಸಿ ನೀರು ಮುಟ್ಟಿಸಲೇಬಾರದು, ಬೆಂದು ಹಿಡಿದುಕೊಳ್ಳುತ್ತದೆ. ತಣ್ಣೀರು, ಆಮೇಲೆ ಎನ್‌ಜೈಮ್ ಇರುವ ಕ್ಲೀನರ್. ಪೇಡೆ ಚೂರಿಗೆ ಉಗುರುಬೆಚ್ಚನೆಯ ನೀರು ಸಾಕು; ಬಿಟ್ಟರೆ ಇರುವೆಗಳು ನೋಡಿಕೊಳ್ಳುತ್ತವೆ. ಎಲೆ ಅಡಿಕೆಯ ಕಲೆ, ಅದರಲ್ಲೂ ಕಾಚು ಹಾಕಿದ್ದು, ಎಲ್ಲಕ್ಕಿಂತ ಹಟಮಾರಿ. ವಿನೆಗರಿನ ನಂತರ ಜಾಗವನ್ನು ಚೆನ್ನಾಗಿ ನೀರಿನಿಂದ ಒರೆಸಿ ಒಣಗಿಸಿ, ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡನ್ನು ಪ್ರಯತ್ನಿಸಬಹುದು. ಅದು ಬಟ್ಟೆಯ ಬಣ್ಣವನ್ನೂ ತೆಗೆಯಬಲ್ಲದು, ಆದ್ದರಿಂದ ಸೀಟಿನ ಕೆಳಗೆ ಕಾಣದ ಮೂಲೆಯಲ್ಲಿ ಮೊದಲು ನೋಡಿ. ಬ್ಲೀಚಿಂಗ್ ದ್ರವವನ್ನು ವಿನೆಗರಿನ ಜೊತೆ ಎಂದಿಗೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಮುಚ್ಚಿದ ಕಾರಿನಲ್ಲಿ ಅದು ಹುಡುಗಾಟವಲ್ಲ.

ತೊಳೆದ ಮೇಲೆ ನೀರಿನ ವೃತ್ತ ಉಳಿಯುವುದು ಎಲ್ಲರ ದೂರು. ಎರಡು ಕಾರಣ. ಒಂದು, ಕಲೆಯಿದ್ದ ಜಾಗವನ್ನಷ್ಟೇ ಒದ್ದೆ ಮಾಡುವುದು. ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗಿನ ಇಡೀ ತುಂಡನ್ನು ಸಮನಾಗಿ ಒರೆಸಿದರೆ ಅಂಚು ಕಾಣದು. ಇನ್ನೊಂದು, ಬೋರ್‌ವೆಲ್ಲಿನ ಗಡಸು ನೀರು. ನಲ್ಲಿಯ ಮಲಪ್ರಭೆ ನೀರನ್ನೇ ಬಳಸಿ, ಕೊನೆಯ ಒರೆಸಿಗಾದರೂ.

ಮನೆಯಲ್ಲೋ ಅಂಗಡಿಯಲ್ಲೋ

ವಾರದ ಕೆಲಸ ಮನೆಯಲ್ಲಿ, ವರ್ಷಕ್ಕೊಮ್ಮೆ ಅಂಗಡಿಯಲ್ಲಿ. ಸಿಗರೇಟಿನ ಲೈಟರಿಗೆ ಸಿಕ್ಕಿಸುವ ಹನ್ನೆರಡು ವೋಲ್ಟಿನ ಪುಟ್ಟ ವ್ಯಾಕ್ಯೂಮು ಚಕ್ಕುಲಿ ಚೂರಿಗೆ ಸರಿ, ಎರೆ ಪುಡಿಗೆ ಸಾಲದು. ಮನೆಯ ದೊಡ್ಡದನ್ನು ಸಣ್ಣ ಮೂತಿ ಹಾಕಿ ಬಳಸಿ, ಮುಗಿದ ಮೇಲೆ ಫಿಲ್ಟರ್ ಝಾಡಿಸಿ. ಈ ಧೂಳು ಅದನ್ನು ಬೇಗ ಕಟ್ಟಿಸುತ್ತದೆ.

ಅಂಗಡಿಗೆ ಕೊಡುವ ಮುನ್ನ ಎರಡೇ ಪ್ರಶ್ನೆ ಕೇಳಿ: ಹಾಕಿದ ನೀರನ್ನು ಮರಳಿ ಎಳೆದುಕೊಳ್ಳುವ ಯಂತ್ರ ಇದೆಯೇ? ಎಷ್ಟು ಹೊತ್ತು ಒಣಗಿಸುತ್ತೀರಿ? ಬರೀ ನೊರೆ ಬಳಿದು ಉಜ್ಜಿ ಒರೆಸುವ ಕಡೆ ಕೊಳೆ ಫೋಮಿಗೆ ಇಳಿಯುತ್ತದೆ, ಒಣಗುವಾಗ ಬತ್ತಿ ಎಣ್ಣೆ ಎಳೆದಂತೆ ಎಳೆಗಳು ಅದನ್ನು ಮೇಲೆ ತರುತ್ತವೆ. ಎರಡೇ ದಿನದಲ್ಲಿ ಅದೇ ಜಾಗದಲ್ಲಿ ಅದೇ ಕಲೆ. ಒಮ್ಮೆ ಶ್ರಾವಣಕ್ಕೆ ಮುಂಚೆ ಮನೆಗೆ ನೆಂಟರು ಬರುತ್ತಾರೆಂದು ಜುಲೈನಲ್ಲಿ ಕೊಟ್ಟು, ಸಂಜೆ ಒದ್ದೆ ಕಾರನ್ನೇ ಮರಳಿ ತಂದೆ. ಹಬ್ಬ ಮುಗಿಯುವವರೆಗೂ ಗಾಜು ಇಳಿಸಿಕೊಂಡೇ ಓಡಾಡಿದೆವು. ಈಗ ಯುಗಾದಿಯ ಆಸುಪಾಸಿಗೆ ಮಾಡಿಸುತ್ತೇನೆ. ಒಂದೇ ಬಿಸಿಲಿಗೆ ಗರಿಗರಿ.

ಇನ್ನೂ ಕಾರು ಕೊಳ್ಳದೆ ಒಳಗಿನ ಬಣ್ಣದ ಯೋಚನೆಯಲ್ಲಿರುವವರಿಗೆ ಒಂದು ಮಾತು. ಕಪ್ಪು ತೆಗೆದುಕೊಂಡರೆ ಗೆದ್ದೆವು ಎಂದುಕೊಳ್ಳಬೇಡಿ. ಒಣಗಿದ ಎರೆಯ ಧೂಳು ಬೂದಿಯ ಬಣ್ಣದ್ದು, ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ನಡುವಿನ ಬೂದು ಅದನ್ನು ಚೆನ್ನಾಗಿ ಮರೆಸುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ಸೀಮೆಯವರಿಗೆ ಬಾದಾಮಿ ಬಣ್ಣವೇ ವಾಸಿ.

ನನ್ನ ಡಿಕ್ಕಿಯಲ್ಲಿ ಈಗ ಒಂದು ಗೋಣಿಚೀಲ, ಹಿಡಿಕೆ ಮುರಿದ, ಕಳೆ ತೆಗೆಯುವ ಒಂದು ಕುರ್ಪಿ ಇರುತ್ತವೆ. ಮಾವನವರೇ ತಂದು ಇಟ್ಟದ್ದು. ಹೊಲದಿಂದ ಬಂದರೆ ಮೊದಲು ಚಪ್ಪಲಿ ಕೆರೆಯುತ್ತಾರೆ, ಗೋಣಿಯ ಮೇಲೆ ಎರಡು ಸಲ ಕಾಲು ಒರೆಸುತ್ತಾರೆ, ಆಮೇಲೆ ಮುಂದಿನ ಸೀಟಿನಲ್ಲಿ ಕೂತು ಕುರ್ಪಿಯನ್ನು ನನ್ನ ಕೈಗೆ ಕೊಟ್ಟು ನನ್ನ ಬೂಟುಗಳನ್ನು ನೋಡುತ್ತಾರೆ.